ನೆರಳು ಮಾಡಿದ ಮಗ್ಗಿ ಪಾಠ

ನೀಲಗಂಗಾ ಟೀಚರ್ ಒಮ್ಮೆ ಮಾಡಿದ ಮಗ್ಗಿ ಪಾಠವನ್ನು ಇಲಾಖೆಯವರು ಪೆಟ್ಟಿಗೆಯಲ್ಲಿ ತುಂಬಿಸಿಕೊಂಡಿದ್ದರು. ಎಲ್ಲ ಟೀಚರುಗಳ ನೆರಳಿನ ಹಾಗೆ ಆಕೆಯ ನೆರಳೂ ಈಗ ಪೆಟ್ಟಿಗೆ ತೆರೆದ ಶಾಲೆಯಲ್ಲೆಲ್ಲ ಎದ್ದು ನಿಂತು ಪಾಠ ಮಾಡುತ್ತಿತ್ತು. ಅದು ತನ್ನ ಹಾಗೇ ಪಾಠ ಮಾಡುತ್ತದೋ ಇಲ್ಲವೋ ಎಂದು ಆಕೆಗೇಕೋ ಅನುಮಾನ. ರಜೆ ಹಾಕಿ ಪಕ್ಕದೂರಿನ ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು.

ನೆರಳು ಸೆರಗು ಸಿಕ್ಕಿಸಿಕೊಂಡು ಹಲಗೆಯ ಮೇಲೆ ಬರೆಯಿತು: ಏಳೆಂಟ್ಲೆ ಐವತ್ನಾಲ್ಕು.

ಅದು ನೀಲಗಂಗಾ ಬೇಕೆಂದೇ ಮಾಡುವ ತಪ್ಪು. ಆಕೆಯ ತರಗತಿಯಲ್ಲಾದರೆ ಮಕ್ಕಳು ಹೋ ಎಂದು ಕೂಗುತ್ತಿದ್ದರು. ಮೊದಲು ಕೂಗಿದವರ ಹೆಸರನ್ನು, ತಿರುಗಿಯೂ ನೋಡದೆ ಕೇಳಿ, ಆಕೆ ಹಲಗೆಯ ಮೇಲೆ ಬರೆಯುತ್ತಿದ್ದಳು. ಇಲ್ಲಿನ ಮಕ್ಕಳು ತೆಪ್ಪಗೆ ಬರೆದುಕೊಂಡರು.

"ತಪ್ಪೈತಲ್ಲವಾ, ಯಾಕ ಬರಕೊಂತೀ?" ಪಕ್ಕದ ಹುಡುಗಿಯನ್ನು ಕೇಳಿದಳು.

"ಪೆಟ್ಟಿಗಿ ತಪ್ಪು ಮಾಡಂಗಿಲ್ರಿ," ಎಂದ ಹುಡುಗಿ ಆಕೆಯನ್ನೇ ಅನುಮಾನದಿಂದ ನೋಡಿದಳು.

ನೀಲಗಂಗಾ ತಡೆಯಲಾರದೆ ಕೂಗಿದಳು: "ತಪ್ಪು!"

ಅಷ್ಟು ಹೊತ್ತೂ ಸೀಮೆಸುಣ್ಣ ಎತ್ತಿ ಹಿಡಿದು ಕಾಯುತ್ತಿದ್ದ ನೆರಳು, ತಿರುಗಿಯೂ ನೋಡದೆ, ಆಕೆಯದೇ ದನಿಯಲ್ಲಿ ಹಿಗ್ಗಿನಿಂದ ಕೇಳಿತು: "ಭೇಷ್! ಯಾರವಾ ಅದು? ಹೆಸರು ಹೇಳು."

ನೀಲಗಂಗಾ ತುಟಿ ಬಿಗಿಹಿಡಿದಳು. ಪಾಠ, ದನಿ ಎರಡೂ ಪೆಟ್ಟಿಗೆ ಸೇರಿದವು; ಹೆಸರೊಂದಾದರೂ ತನ್ನ ಹತ್ತಿರ ಉಳಿಯಲಿ.