ಹಿಂಡಿ ಕಡೆಯವನು

ದ್ಯಾಮಪ್ಪನನ್ನು ಎಣ್ಣೆ ಕಡೆಯಿಂದ ತೆಗೆದು ಹಿಂಡಿ ಕಡೆಗೆ ಹಾಕಿದರು. ಊರಿನಿಂದ ಬಂದ ಯಾರೋ ಅವನ ಕೇರಿ ಯಾವುದೆಂದು ಬಾಯಿಬಿಟ್ಟಿದ್ದರು. ಎಣ್ಣೆಯನ್ನು ಜನ ತಿನ್ನುತ್ತಾರೆ, ಹಿಂಡಿಯನ್ನು ದನ ತಿನ್ನುತ್ತವೆ.

ಸುಂಕದಕಟ್ಟೆಯ ಆ ಶೆಡ್ಡಿನಲ್ಲಿ ಇದ್ದ ಯಂತ್ರ ಒಂದೇ. ಹಲ್ವಾದವರು, ಕೇಟರಿಂಗಿನವರು ಎಸೆಯುವ ಕುಂಬಳ ಬೀಜ ಮೂಟೆಗಳಲ್ಲಿ ಬರುತ್ತಿತ್ತು. ತೊಳೆದು, ಒಣಗಿಸಿ, ಸಿಪ್ಪೆ ಬಿಡಿಸಿ ಸುರಿದರೆ ಒಂದು ಬದಿಯಿಂದ ಹಸಿರು ಎಣ್ಣೆ, ಇನ್ನೊಂದು ಬದಿಯಿಂದ ಹಿಂಡಿ. ಬೀಜ ಯಾವ ಕಸದ ತೊಟ್ಟಿಯಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ; ತೊಳೆದರೆ ಆಯಿತು. ಮಾಲೀಕ ಸೋಮಲಿಂಗಪ್ಪನವರು ಯಂತ್ರದ ನಡುವಿಗೆ ಸರಿಯಾಗಿ ನೆಲದ ಮೇಲೊಂದು ಹಳದಿ ಗೆರೆ ಬಳಿಸಿದರು. ಬಳಿದವನು ದ್ಯಾಮಪ್ಪನೇ. ದಾರ ಹಿಡಿದು ನೆಟ್ಟಗೆ ಬಳಿದಿದ್ದ. ಚೆನ್ನಾಗಿ ಬಂದಿದೆ ಎಂದು ಸೋಮಲಿಂಗಪ್ಪನವರು ಮೆಚ್ಚಿದ್ದರು.

ಆಮೇಲೆ, ಫುಡ್ ಟೆಕ್ನಾಲಜಿ ಓದಿದ ಅವರ ಮಗ ಶಿವಕಿರಣ್ ಹಿಂಡಿಯನ್ನು ಲ್ಯಾಬಿಗೆ ಕಳಿಸಿದ. ಅರ್ಧಕ್ಕರ್ಧ ಪ್ರೋಟೀನ್ ಎಂದು ಬಂತು. ದನಗಳಿಗೆ ಹಿಂಡಿ ನಿಂತಿತು. ದ್ಯಾಮಪ್ಪ ಕೈಯಾರೆ ಮುರಿದು, ಬೀಸಿ, ಜರಡಿ ಹಿಡಿದ ಪುಡಿ ಉಬ್ಬಿದ ತೋಳಿನ ಚಿತ್ರದ ಡಬ್ಬಿಗಳಲ್ಲಿ ಬಸವೇಶ್ವರನಗರದ ಜಿಮ್ಮುಗಳಿಗೆ ಹೋಗತೊಡಗಿತು. ಗೆರೆ ಕೆಲಸಕ್ಕೆ ಬಾರದೆ ಹೋಗಿದೆ ಎಂದು ಸೋಮಲಿಂಗಪ್ಪನವರಿಗೆ ಹೊಳೆದದ್ದು ಇವತ್ತು ಬೆಳಿಗ್ಗೆ, ಮಗ ಶೆಡ್ಡಿನಲ್ಲೇ ನಿಂತು ಅದೇ ಪುಡಿಯನ್ನು ಶೇಕರಿನಲ್ಲಿ ಹಾಲಿಗೆ ಹಾಕಿ ಕುಲುಕಿ ಕುಡಿಯುತ್ತಿದ್ದಾಗ.

"ಇದು ನಮ್ಮ ಪುಡೀನಾ?"

"ಹೂಂ ಅಪ್ಪಾ. ಶುರುವಿನಿಂದ ಕುಡೀತಾನೇ ಇದೀನಿ. ನಂಗೇನಾಗಿದೆ?"

"ನಿಂಗಾಗೋದಲ್ಲ ಕಣೋ. ಗಿರಾಕಿ ಕೇಳಿದ್ರೆ?"

"ಯಾವ ಗಿರಾಕಿ ಕೇಳ್ತಾನೆ, ಪುಡಿ ಜರಡಿ ಹಿಡಿದೋರು ಯಾರು ಅಂತ?"

"ಅವನು ಕೇಳೋಕ್ ಮುಂಚೆ ನಾವು ಸರಿಯಾಗಿರ್ಬೇಕು."

ಸೋಮಲಿಂಗಪ್ಪನವರು ಯಂತ್ರದ ಹತ್ತಿರ ಬಂದರು. ಗೆರೆಯ ಈಚೆಗೇ ನಿಂತರು. "ದ್ಯಾಮಪ್ಪ, ಇವತ್ತಿಂದ ನೀನು ಸಿಪ್ಪೆ ಕಡೆ ನೋಡ್ಕೋ. ಅಲ್ಲಿ ಕೆಲಸಾನೂ ಹಗುರ."

ದ್ಯಾಮಪ್ಪ ಜರಡಿ ಕೆಳಗಿಟ್ಟ. "ಸಿಪ್ಪಿನೂ ಟೆಸ್ಟಿಗೆ ಕಳಿಸ್ಯಾರಲ್ರೀ ಸಣ್ಣ ಸಾಹುಕಾರ್ರು."

ಸೋಮಲಿಂಗಪ್ಪನವರು ಮಗನ ಕಡೆ ತಿರುಗಿದರು.

"ಫೈಬರ್ ಅಪ್ಪಾ," ಎಂದ ಶಿವಕಿರಣ್, ಶೇಕರಿನ ಮುಚ್ಚಳ ತಿರುಗಿಸುತ್ತ. "ಬಿಸ್ಕತ್ತಿಗೆ ಹಾಕ್ಬೋದು."

ಸೋಮಲಿಂಗಪ್ಪನವರು ಶೆಡ್ಡಿನ ಉದ್ದಗಲಕ್ಕೂ ಕಣ್ಣಾಡಿಸಿದರು. ಯಾವುದೂ ವ್ಯರ್ಥವಾಗದ ಘಟಕವದು. ಹಾಗೆಂದು ಅವರೇ ಬೋರ್ಡು ಬರೆಸಿದ್ದರು. ಕೊನೆಗೆ ಬಾಗಿಲಾಚೆ ಕೈ ತೋರಿಸಿದರು. "ಹಾಗಾದ್ರೆ ಗೇಟ್ ಹತ್ರ. ತೊಳೀದೇ ಇರೋ ಮೂಟೆ ಇಳಿಸ್ಕೋ. ಒಳಗೆ ಬರೋದು ಬೇಡ."

"ಊಟದ ಬುತ್ತಿ ಒಳಗೈತಲ್ರೀ?"

"ಯಾರಾದ್ರೂ ತಂದ್ಕೊಡ್ತಾರೆ."

"ನೀರು?"

"ಬಾಟಲಿ ತಗೊಂಡ್ ಬಾ. ನಿನ್ ಮೇಲೇನೂ ಇಲ್ಲ ಕಣಪ್ಪ, ವ್ಯಾಪಾರ ಅಷ್ಟೇ. ಇಷ್ಟ ಇಲ್ಲ ಅಂದ್ರೆ ನಾಳೆಯಿಂದ ಬರ್ಬೇಡ." ಪಕ್ಕದಲ್ಲೇ ಇದ್ದ ಹಳದಿ ಪೇಂಟಿನ ಡಬ್ಬ, ಅದರ ಮೇಲಿನ ಬ್ರಷ್ಷು ಅವರ ಕಣ್ಣಿಗೆ ಬಿದ್ದವು. ಡಬ್ಬವನ್ನು ಕಾಲಿನಿಂದ ಗೆರೆಯಾಚೆಗೆ ಸರಿಸಿದರು. "ಈ ಗೆರೆ ಕೆರೆದು ಹಾಕು. ಹೊಸ್ತಿಲ ಹತ್ರ ಹೊಸದೊಂದು ಬಳಿ. ನೀನು ನೆಟ್ಟಗೆ ಬಳೀತೀಯ."

ಶಿವಕಿರಣ್ ಶೇಕರನ್ನು ಬಾಯಿಗಿಟ್ಟುಕೊಂಡ.

ಯಂತ್ರ ನಿಂತಿರಲಿಲ್ಲ. ಬಿಸಿ ಹಿಂಡಿ ಚೂರು ಚೂರಾಗಿ ಬೀಳುತ್ತಲೇ ಇತ್ತು. ದ್ಯಾಮಪ್ಪ ಡಬ್ಬ ಮುಟ್ಟಲಿಲ್ಲ. ಮತ್ತೆ ಜರಡಿ ಎತ್ತಿಕೊಂಡು ಯಂತ್ರದ ಬಾಯಿಗೆ ಹಿಡಿದ. ತಿರುಗಿ ನೋಡದೆ ಹೇಳಿದ:

"ಹೋದ ಸಲದ ಗೆರಿ ನಾನ ಬಳದಿದ್ನಿರೀ ಸಾಹುಕಾರ್ರ. ಈ ಸಲದ್ದು ನೀವ ಬಳೀರಿ."