ಮಾವನ ಗುಳಿಗೆ ಡಬ್ಬಿ

"ಮರತಬಿಟ್ಟೆ," ಎಂದ ವೀರೇಶ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ. "ಮಿಲ್ಲಿನ್ಯಾಗ ಬೆಲ್ಟ್ ಹರದಿತ್ತು. ನಾಳೆ ಹೊಸಪೇಟಿಗೆ ಹೋದಾಗ ತರ್ತೀನಿ."

ಐಶ್ವರ್ಯ ಖಾಲಿ ಸ್ಟ್ರಿಪ್ಪನ್ನು ಗಂಡನ ಮುಖದ ಮುಂದೆ ಹಿಡಿದಳು. "ನಾಳೆ ನಾಳೆ ಅಂತ ಎಷ್ಟ್ ಸಲ ಅಂದ್ರಿ? ಇದು ಫಿಟ್ಸಿನ ಗುಳಿಗಿರೀ, ಚಾಪುಡಿ ಅಲ್ಲ. ನಿನ್ನೆ ರಾತ್ರೀದು ಆಗ್ಲೇ ತಪ್ಪೈತಿ. ಒಲಿ ಮುಂದ ಬಿದ್ರ ಯಾರು ಹೊಣಿ?"

"ಮೆಲ್ಲಕ ಮಾತಾಡು, ಅವ್ವಗ ಕೇಳಸ್ತೈತಿ."

"ಓಣಿ ಮೂಲ್ಯಾಗ ನಾಗಭೂಷಣಣ್ಣನ ಮೆಡಿಕಲ್ ಐತಿ. ಈಗ ಹೋದ್ರ ಈಗ ಸಿಗ್ತಾವು."

"ತಲಿ ಕೆಟ್ಟೈತೇನು ನಿಂಗ? ಅವನ ಬಾಯಿಗೆ ಬಿದ್ರ ಸಂಜಿ ಅನ್ನೋದ್ರಾಗ ಕಂಪ್ಲಿ ತುಂಬ ಗೊತ್ತಾಗ್ತೈತಿ. ರೈಸ್ ಮಿಲ್ ಕೊಟ್ರಯ್ಯನ ಸೊಸಿಗೆ ಮೂರ್ಛೆ ಬರ್ತೈತಂತ ಅಂತಾರ. ನಮ್ಮಪ್ಪನ ಮರ್ಯಾದಿ ಏನಾಗಬೇಕು?"

ಮರ್ಯಾದೆಯಂತೆ! ಮದುವೆಗೆ ಮೊದಲೇ ಅವಳು ಒಂದನ್ನೂ ಮುಚ್ಚಿಡದೆ ಇವನಿಗೆ ಹೇಳಿದ್ದಳು. ದಿನಾ ಗುಳಿಗೆ ತಗೊಂಡರೆ ತನಗೇನೂ ಆಗುವುದಿಲ್ಲ, ತಪ್ಪಿಸಿದರೆ ಮಾತ್ರ ಕಷ್ಟ ಎಂದಿದ್ದಳು. "ಮನ್ಯಾಗ ಹೇಳೋದು ಬ್ಯಾಡ, ನಾ ನೋಡ್ಕೋತೀನಿ" ಎಂದಿದ್ದ ಮಹಾರಾಯ. ನೋಡಿಕೊಳ್ಳುವುದೆಂದರೆ ಇದು: ಪಕ್ಕದ ಅಂಗಡಿ ಬಿಟ್ಟು ಹೊಸಪೇಟೆಯಿಂದ ಕದ್ದ ಮಾಲಿನ ಹಾಗೆ ತರುವುದು, ಅವಳು ಅದನ್ನು ಮುಟ್ಟಿನ ಪ್ಯಾಡಿನ ಪೊಟ್ಟಣದೊಳಗೆ ಬಚ್ಚಿಡುವುದು. ಆ ಮನೆಯಲ್ಲಿ ಬೇರೆ ಯಾರೂ ಕೈ ಹಾಕದ ಜಾಗ ಅದೊಂದೇ. ಕೈಯಲ್ಲಿ ಯಾವಾಗಲೂ ಒಂದು ಸ್ಟ್ರಿಪ್ ಹೆಚ್ಚಿಗೆ ಇರಲಿ ಎಂದು ಡಾಕ್ಟರು ಹೇಳಿದ್ದರು. ಒಂದನ್ನು ಇಡಲಿಕ್ಕೇ ಜಾಗ ಇಲ್ಲದವಳು ಎರಡನೆಯದನ್ನು ಎಲ್ಲಿಡಬೇಕು? ಕಾಲೇಜಿನಲ್ಲಿದ್ದಾಗ ಒಮ್ಮೆ ಗುಳಿಗೆ ತೀರಿ, ತವರಿನ ಒಲೆಯ ಮುಂದೆ ಬಿದ್ದು ಮೊಣಕೈ ಸುಟ್ಟುಕೊಂಡಿದ್ದಳು. ಆ ಕಲೆ ಎಣ್ಣೆ ಸಿಡಿದದ್ದೆಂದು ಅತ್ತೆಗೆ ಸುಳ್ಳು ಹೇಳಿದ್ದಾಳೆ.

ಅಷ್ಟರಲ್ಲಿ ಪಡಸಾಲೆಯಿಂದ ಮಾವನ ದನಿ ಬಂತು. "ಗುಳಿಗಿ ತರ್ರೆವಾ!"

ಕೊಟ್ರಯ್ಯನವರು ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ತೆರೆದ ಬೀದಿ ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಕೂತಿದ್ದರು. ಬಿಪಿ ಗುಳಿಗೆಯನ್ನು ಅವರು ಅಲ್ಲಿಯೇ ನುಂಗಬೇಕು. ಅತ್ತೆ ನೀಲಗಂಗಮ್ಮ ಟಿವಿಯ ಪಕ್ಕದಿಂದ ಸ್ಟೀಲ್ ಡಬ್ಬಿ ತಂದರು. ಡಬ್ಬಿಯ ಮುಚ್ಚಳ ಹಾಕಲು ಬಾರದಷ್ಟು ಗುಳಿಗೆ. ಮಾವನ ಡಾಕ್ಟರು ಹೊಳೆಯಾಚೆ ಗಂಗಾವತಿಯಲ್ಲಿ. ಡ್ಯಾಮಿನಿಂದ ನೀರು ಬಿಡುತ್ತಾರೆಂದು ಟಿವಿಯಲ್ಲಿ ಬಂದರೆ ಸಾಕು, ಸೇತುವೆ ಮುಳುಗುವ ಮೊದಲೇ ಅತ್ತೆ ಆಳನ್ನು ಅಟ್ಟಿ ಗುಳಿಗೆ ತರಿಸಿಡುತ್ತಾರೆ.

"ಗುಳಿಗಿ ಆತೇನ್ರೀ ಸಾವ್ಕಾರ್ರ?" ಬೀದಿಯಲ್ಲಿ ಹಾಲಿನ ಕ್ಯಾನು ಹಿಡಿದು ಹೊರಟಿದ್ದ ಎರ್ರಿಯಪ್ಪ ಕೇಳಿದ.

"ಈಗ ಆಗಾಕತ್ತೈತಿ ನೋಡಪಾ. ಬಿಪಿ ಅಂದ್ರ ಹುಡುಗಾಟಲ್ಲ. ಒಂದ್ ದಿನಾನೂ ತಪ್ಪಸಂಗಿಲ್ಲ ಅಂದಾರ ಡಾಕ್ಟರು. ನೀನೂ ಒಮ್ಮಿ ತೋರಿಸ್ಕೋ. ಕಾಯಿಲಿ ಮುಚ್ಚಿಡಬಾರದು."

ನೀರಿನ ಲೋಟ ಹಿಡಿದು ನಿಂತಿದ್ದ ಐಶ್ವರ್ಯಳಿಗೆ ಮೈಯೆಲ್ಲ ಉರಿಯಿತು. ಬಿಪಿ ಬಂದರೆ ಅದು ಗಣ್ಯರ ಕಾಯಿಲೆ, ಊರಿಗೆಲ್ಲ ಸಾರಬಹುದು. ಫಿಟ್ಸ್ ಬಂದರೆ ಮನೆತನಕ್ಕೇ ಕಳಂಕ. ಮಾವ ಗುಳಿಗೆ ನುಂಗಿ ಲೋಟ ಕೆಳಗಿಟ್ಟ ಮೇಲೆ, ಅವಳು ಸೊಂಟಕ್ಕೆ ಸಿಕ್ಕಿಸಿದ್ದ ತನ್ನ ಖಾಲಿ ಸ್ಟ್ರಿಪ್ಪನ್ನು ತೆಗೆದು ಆ ಡಬ್ಬಿಯೊಳಗೆ ಇಟ್ಟಳು.

"ಇದೇನವಾ, ತಲಿನೋವಿಂದೇನು?" ಎಂದರು ಕೊಟ್ರಯ್ಯ.

"ಅಲ್ರೀ ಮಾವಾ, ಫಿಟ್ಸಿಂದು. ಎಂಟನೇ ಕ್ಲಾಸಿಂದ ತಗೋತೀನಿ. ನಿಮ್ಮ ಮಗಗ ಮೊದ್ಲಿಂದ ಗೊತ್ತೈತಿ. ತೀರ್ಯಾವು. ನಂಗೂ ಒಂದ್ ದಿನಾನೂ ತಪ್ಪಸಂಗಿಲ್ಲ ಅಂತ ಡಾಕ್ಟರು ಅಂದಾರ."

ಕೊಟ್ರಯ್ಯನವರು ಕೂಡಲೇ ಬೀದಿಯ ಕಡೆ ಇಣುಕಿದರು. ನೀಲಗಂಗಮ್ಮ ಸ್ಟ್ರಿಪ್ಪನ್ನು ಎರಡು ಬೆರಳಲ್ಲಿ ಎತ್ತಿ ಡಬ್ಬಿಯಿಂದ ಆಚೆ ಇಟ್ಟರು. "ಶಿವನೇ," ಎಂದು ತಗ್ಗಿದ ದನಿಯಲ್ಲಿ ಶುರು ಮಾಡಿದರು. "ಇದು ಹೊರಗ ಯಾರಿಗರ ಗೊತ್ತೈತೇನು?"

ನಿನಗೆ ಈಗ ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ. ಐಶ್ವರ್ಯ ಆ ಸ್ಟ್ರಿಪ್ಪನ್ನು ಎತ್ತಿಕೊಂಡು, ಡಾಕ್ಟರ ಚೀಟಿಯನ್ನೂ ಹಿಡಿದು, ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಹೊಂಟಿ?" ಎನ್ನುತ್ತ ವೀರೇಶ ಕೋಣೆಯಿಂದ ಹೊರಬಂದ.

"ನಾಗಭೂಷಣಣ್ಣನ ಅಂಗಡಿಗೆ. ಎರಡು ಸ್ಟ್ರಿಪ್ ತರ್ತೀನಿ. ಒಂದು ತಗೊಳ್ಳಾಕ, ಒಂದು ಡಬ್ಬ್ಯಾಗ ಇಡಾಕ."

ವೀರೇಶ ದಡಬಡಿಸಿ ಅವಳಿಗಿಂತ ಮೊದಲು ಓಡಿದ. ಬೀದಿ ಬಾಗಿಲು ಮುಚ್ಚಿ, ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ಹೊರಗೆ ಎರ್ರಿಯಪ್ಪನ ಕ್ಯಾನಿನ ಸದ್ದು ಇನ್ನೂ ದೂರವಾಗಿರಲಿಲ್ಲ.

ಐಶ್ವರ್ಯ ಅವನ ಮುಂದೆ ಬಂದು ನಿಂತಳು. ದನಿಯನ್ನೇನೂ ತಗ್ಗಿಸಲಿಲ್ಲ.

"ಅತ್ತಾಗ ಸರೀರಿ. ಮಾವಾರು ಗುಳಿಗಿ ನುಂಗುವಾಗ ಈ ಬಾಗ್ಲಾ ತೆಗದ ಇತ್ತಲ್ರೀ?"