ಮೂರು ಮನೆಗಳ ಪರೀಕ್ಷೆ

ಇಮ್ರಾನನ ಮನೆಯ ಮುಂದಿನ ಕಂಬದ ಬಳಿಯಿಂದ ಕೇಬಲ್ ಕಂಪನಿಯ ಹಳದಿ ವ್ಯಾನು ಹೊರಟುಹೋಗುವುದನ್ನು ದ್ವಾರಕಾನಾಥ ಕಾರಿನೊಳಗಿಂದಲೇ ನೋಡಿದ. ಸ್ಟೀರಿಂಗ್ ಮೇಲೆ ಹಣೆಯಿಟ್ಟು ಕೂತ. ಇವತ್ತು ಈ ಮನೆಗೆ ಬರುತ್ತೇನೆಂದು ಅವನು ಹೇಳಿದ್ದು ಒಬ್ಬರಿಗೆ ಮಾತ್ರ. ವಿಜಿಗೆ.

ಬೇಕೆಂದೇ ಹೇಳಿದ್ದ. ಬಲೆ ಹಾಕಿದವನಿಗೆ ಬೇಟೆ ಸಿಕ್ಕಾಗ ಖುಷಿಯಾಗಬೇಕು. ಇವನಿಗೆ ಸುಸ್ತಾಯಿತು.

ಅದು ಎಪ್ಪತ್ತನಾಲ್ಕನೇ ಇಸವಿಯ ಅಕ್ಟೋಬರ್, ಗುರುವಾರ. ಸಮರ್‌ಸೆಟ್‌ನಿಂದ ಹತ್ತು ಮೈಲಿ ಆಚೆಯ ಆ ಟೌನ್‌ಶಿಪ್ಪಿನಲ್ಲಿ ಊರಾಡಳಿತದ ಪರವಾಗಿ ಕೇಬಲ್ ಟಿವಿಯ ಗುಣಮಟ್ಟ ಪರೀಕ್ಷಿಸುವ ಇಂಜಿನಿಯರ್ ಅವನು. ನಿಯಮವೇನೋ ಸರಳವಾಗಿತ್ತು. ಗೋಡೆಗೆ ಬರುವ ತಂತಿಯಲ್ಲಿ ಸಿಗ್ನಲ್ ಇಂತಿಷ್ಟು ಇರಲೇಬೇಕು. ವರ್ಷಕ್ಕೆ ನಾಲ್ಕು ಸಲ, ಒಂದಕ್ಕೊಂದು ದೂರವಿರುವ ಮೂರು ಮನೆಗಳಿಗೆ, ಮುಂಚೆ ತಿಳಿಸದೆ ಹೋಗಿ ಅಳೆಯಬೇಕು. ಯಾವ ಮನೆ ಎನ್ನುವುದು ಇಂಜಿನಿಯರನ ಇಷ್ಟ.

ಕಚೇರಿಗೆ ದಿನವೂ ದೂರು ಬರುತ್ತಿತ್ತು. ಪರದೆಯ ತುಂಬ ಬಿಳಿ ಚುಕ್ಕಿ, ಒಬ್ಬೊಬ್ಬರಿಗೆ ಎರಡೆರಡು ತಲೆ, ವಾರ್ತೆಯ ನಡುವೆ ಗೊರಗೊರ. ಆದರೆ ದ್ವಾರಕಾನಾಥ ಮೀಟರು ಹಿಡಿದು ಹೋದ ಮನೆಯಲ್ಲೆಲ್ಲ ಚಿತ್ರ ತೊಳೆದಿಟ್ಟ ಹಾಗೆ! ಮೂರು ವರ್ಷದಲ್ಲಿ ಒಂದು ಮನೆಯೂ ಫೇಲ್ ಆಗಿರಲಿಲ್ಲ. ಕಂಪನಿಯವರು ಸರ್ಟಿಫಿಕೇಟು ಹಿಡಿದು ನಗುತ್ತಿದ್ದರು, ಜನ ಇವನನ್ನು ಬೈಯುತ್ತಿದ್ದರು.

"ನಿಮ್ಮ ಕಚೇರಿಯಿಂದಲೇ ವಿಳಾಸ ಹೊರಗೆ ಹೋಗುತ್ತಿದೆ," ಎಂದು ಟೌನ್‌ಶಿಪ್ ಮ್ಯಾನೇಜರ್ ಸೋಮವಾರ ಕರೆದು ಹೇಳಿದ್ದ. "ಇರುವವರು ಇಬ್ಬರು. ಶುಕ್ರವಾರದೊಳಗೆ ಹೆಸರು ಬರೆದುಕೊಡಿ."

ಇಬ್ಬರಲ್ಲಿ ಒಬ್ಬ ತಾನು. ಇನ್ನೊಬ್ಬಳು ವಿಜಿ, ಚಂದಾದಾರರ ನಕ್ಷೆ ನೋಡಿಕೊಳ್ಳುವ ಧಾರವಾಡದ ಹುಡುಗಿ, ಇವನೇ ಕೆಲಸ ಕೊಡಿಸಿದವಳು. ಅವಳ ಗ್ರೀನ್ ಕಾರ್ಡ್ ಅರ್ಜಿ ಈ ಕೆಲಸದ ಮೇಲೆಯೇ ನಿಂತಿತ್ತು. ಕೆಲಸ ಹೋದರೆ ದೇಶ ಬಿಟ್ಟು ಹೊರಡಬೇಕು, ಅಷ್ಟೆ.

ದ್ವಾರಕಾನಾಥ ಮೀಟರಿನ ಪೆಟ್ಟಿಗೆ ಎತ್ತಿಕೊಂಡು ಇಳಿದ. ಮೆಟ್ಟಿಲ ಬಳಿ ಬಗ್ಗಿ ಷೂ ಲೇಸು ಬಿಚ್ಚುವಾಗ ಸೊಂಟ ಹಿಡಿದುಕೊಂಡಿತು. ಐವತ್ತೆರಡರ ವಯಸ್ಸಿಗೆ ಈ ಪೆಟ್ಟಿಗೆ ಹೊರುವ ಕೆಲಸ ಸಾಕಾಗಿತ್ತು. ಮೊದಲ ವರ್ಷ ಒಬ್ಬ ಬಿಳಿಯಾಕೆ ಇವನ ಮುಖವನ್ನೂ ಪೆಟ್ಟಿಗೆಯನ್ನೂ ನೋಡಿ ಪೊಲೀಸರನ್ನೇ ಕರೆಸಿದ್ದಳು. ತಾನು ಕಳ್ಳನಲ್ಲ ಎಂದು ಕಂಡವರ ಬಾಗಿಲಲ್ಲಿ ನಿಂತು ವಿವರಿಸುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

"ಓಹೋ, ಬನ್ನಿ ಅಂಕಲ್! ಈಗ ತಾನೇ ಕಾಫಿ ಡಿಕಾಕ್ಷನ್ ಇಳೀತಿದೆ," ಎಂದ ಇಮ್ರಾನ್. ಎರಡು ವಾರದ ಹಿಂದಷ್ಟೇ ಹಿಲ್ಸ್‌ಬರೋದಿಂದ ಈ ಮನೆಗೆ ಬಂದಿದ್ದ ಬೆಂಗಳೂರಿನವನು.

"ಟಿವಿ ಹೇಗಿದೆಯಪ್ಪಾ?"

"ಫಸ್ಟ್ ಕ್ಲಾಸ್. ನಿನ್ನೆವರೆಗೆ ಸ್ವಲ್ಪ ತೊಂದ್ರೆ ಇತ್ತು. ಪಕ್ಕದ ಮನೆಯವರು ಮಾತ್ರ ಇನ್ನೂ ಬೈಕೊಳ್ತಾನೇ ಇದಾರೆ."

ಮೀಟರಿನ ಮುಳ್ಳು ನಿಯಮಕ್ಕಿಂತ ಮೇಲೆಯೇ ನಿಂತಿತು. ಕಾಫಿ ಚೆನ್ನಾಗಿತ್ತು. ಅರ್ಧಕ್ಕೇ ಬಿಟ್ಟು ಎದ್ದ.

ಕಚೇರಿಯಲ್ಲಿ ವಿಜಿ ನಕ್ಷೆಯ ಮುಂದೆ ನಿಂತಿದ್ದಳು.

"ಇಮ್ರಾನ್ ಮನೆ ವಿಷ್ಯ ನಿನಗೊಬ್ಬಳಿಗೇ ಹೇಳಿದ್ದೆ. ವ್ಯಾನು ನನಗಿಂತ ಮುಂಚೆ ಅಲ್ಲಿತ್ತಲ್ಲಮ್ಮಾ."

ಅವಳ ಮುಖ ಬಿಳಿಚಿತು. "ನಾ ಯಾರಿಗೂ ಹೇಳಿಲ್ರಿ ಸರ್. ದೇವರಾಣಿ."

"ಮತ್ತೆ ಹೇಗೆ ಗೊತ್ತಾಯ್ತು?"

"ಅದನ್ನ ನಾನೂ ವಿಚಾರ ಮಾಡಾಕತ್ತೇನ್ರಿ. ಸರ್, ಒಂದ ಸಲ ಮನಿ ನಾ ಆರಸ್ತೇನಿ. ಕಣ್ಣ ಮುಚ್ಚಿ ನಕ್ಷಾದ ಮ್ಯಾಲ ಬೆರಳ ಇಡ್ತೇನಿ. ನೀವು ಆ ಮನಿಗೇ ಹೋಗ್ರಿ."

ಸಿಕ್ಕಿಬಿದ್ದ ಮೇಲೆ ಮನೆಯನ್ನೂ ತಾನೇ ಆರಿಸುತ್ತಾಳಂತೆ! ಎಂಥ ಧೈರ್ಯ, ಎಂದುಕೊಂಡ. ಸಿಟ್ಟು ಬರಬೇಕಿತ್ತು. ಬಂದದ್ದು ಸಂಕಟ. ಮಗಳ ಹಾಗೆ ನೋಡಿಕೊಂಡಿದ್ದ ಹುಡುಗಿ.

ಶುಕ್ರವಾರ ಬೆಳಿಗ್ಗೆ ವಿಜಿಯ ಹೆಸರು ಬರೆದು ಸಹಿ ಹಾಕಿ ಕೊಟ್ಟ. ಮಧ್ಯಾಹ್ನದೊಳಗೆ ಅವಳ ಮೇಜು ಖಾಲಿಯಾಯಿತು. ಹೋಗುವಾಗ ಅವಳು ನಕ್ಷೆಯನ್ನು ನೀಟಾಗಿ ಸುತ್ತಿ, ದಾರ ಕಟ್ಟಿ ಇಟ್ಟಿದ್ದಳು. ಇವನ ಕಡೆ ನೋಡಲಿಲ್ಲ.

ಈ ಸಲದ ಮೂರರಲ್ಲಿ ಒಂದು ಮನೆ ಬಾಕಿ ಇತ್ತು. ಊರಿನ ಉತ್ತರದ ತುದಿಯಲ್ಲಿರುವ ಅಲಮೇಲು ಅವರ ಮನೆಗೆ ಹೋದ. ಯಾರಿಗೂ ಹೇಳಿರಲಿಲ್ಲ, ಹೇಳಲು ಕಚೇರಿಯಲ್ಲಿ ಯಾರೂ ಇರಲಿಲ್ಲ. ಆಕೆ ಕೊಟ್ಟ ಉಪ್ಪಿಟ್ಟು ತಿಂದ. ಮುಳ್ಳು ಮೇಲೆಯೇ ನಿಂತಿತು. ತಂತಿ ಕಳಚಿ, ಮತ್ತೆ ಸೇರಿಸಿ ನೋಡಿದ. ಅದೇ.

ಹೊರಗೆ ಬಂದರೆ ಹಳದಿ ವ್ಯಾನು. ಬಿಳಿ ಮೀಸೆಯ ಲೈನ್‌ಮನ್ ಏಣಿ ಇಳಿಸುತ್ತಿದ್ದ. ದ್ವಾರಕಾನಾಥ ಬರೀ ಕಾಲುಚೀಲದಲ್ಲೇ ಓಡಿದ.

"ಯಾರು ಹೇಳಿದರು? ನಾನು ಇಲ್ಲಿಗೆ ಬರುತ್ತೇನೆಂದು ನಿಮಗೆ ಯಾರು ಹೇಳಿದರು?"

"ಯಾರೂ ಇಲ್ಲ," ಎಂದ ಮುದುಕ ನಿಧಾನವಾಗಿ. "ನೀವು ಬಂದಿರುವುದೇ ಗೊತ್ತಿರಲಿಲ್ಲ. ಇಲ್ಲಿಗೆ ವಾರಕ್ಕೊಮ್ಮೆ ಬಂದು ನೋಡಿ ಹೋಗುತ್ತೇನೆ."

"ಮತ್ತೆ ನಿನ್ನೆಯ ಮನೆ?"

"ಆ ಹೊಸಬರೇ? ಅವರ ಮನೆ ಮೊನ್ನೆ ಸಂಜೆಯಷ್ಟೇ ನನ್ನ ಕಣ್ಣಿಗೆ ಬಿತ್ತು. ಅದಕ್ಕೇ ಗಡಿಬಿಡಿ." ಅವನು ಇವನ ಕಾಲನ್ನೊಮ್ಮೆ, ಇವನ ಬೆನ್ನ ಹಿಂದಿದ್ದ ಮನೆಬಾಗಿಲನ್ನೊಮ್ಮೆ ನೋಡಿದ. "ನಾಳೆಯಿಂದ ನಾನು ರಿಟೈರ್. ಇನ್ನು ಮುಚ್ಚಿಡುವುದೇನು, ತಗೊಳ್ಳಿ."

ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಚಿದ ಹಳೆಯ ಕಾಗದ ಹೊರಬಂತು. ಮೂರು ವರ್ಷದ ಹಿಂದಿನ ತಾರೀಖು, ಕಂಪನಿಯ ಮೊಹರು, ಲೈನ್‌ಮನ್‌ಗಳಿಗೆ ಒಂದೇ ಒಂದು ಸೂಚನೆ:

"ಬಾಗಿಲ ಹೊರಗೆ ಚಪ್ಪಲಿ, ಷೂ ಬಿಟ್ಟಿರುವ ಮನೆ ಎಲ್ಲಿ ಕಂಡರೂ ಅಲ್ಲೊಂದು ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಹಾಕಿರಿ. ಟೌನ್‌ಶಿಪ್ ಇಂಜಿನಿಯರ್ ಬೇರೆ ಮನೆಗೆ ಹೋಗುವುದಿಲ್ಲ."